ಕಾಕೂ ಪೇರಿಸಿದ ಕಲ್ಲು

ಕಾಕೂನ ಬಲಗೈ ಹೆಬ್ಬೆರಳ ಉಗುರು ತಂಬಾಕಿನ ಬಣ್ಣಕ್ಕೆ ತಿರುಗಿ ತುದಿಯಲ್ಲಿ ಸವೆದುಹೋಗಿತ್ತು. ದಿನವಿಡೀ ಬೀಡಿ ಕಟ್ಟುವ ಕೈ ಅದು. ನಿಪ್ಪಾಣಿಯ ಚಾಳಿನ ಸಾಲಿನಲ್ಲಿ, ಎಲ್ಲರೂ ಚಿಕ್ಕಮ್ಮನಂತೆ ಕಾಕೂ ಎನ್ನುತ್ತಿದ್ದ ಆ ಒಂಟಿ ಹೆಂಗಸಿನದೂ ನನ್ನದೂ ಅಕ್ಕಪಕ್ಕದ, ಒಂದೇ ಕೋಣೆಯ ಬಾಡಿಗೆ ಖೋಲಿಗಳು. ಗಂಡನನ್ನು ಬಿಟ್ಟು ಮಗಳ ಕೈ ಹಿಡಿದು ಬಂದ ನನಗೆ ಖೋಲಿ ಕೊಡಲು ಮಾಲಕ ಹಿಂದೆಮುಂದೆ ನೋಡಿದಾಗ, "ಇಕಿ ನಮ್ಮ ತಂಗೀ ಮಗಳ್ರಿ" ಎಂದು ಹಸಿ ಸುಳ್ಳು ಹೇಳಿದವಳು ಅವಳು. ನನ್ನ ಮುಖ ಅವಳು ನೋಡಿದ್ದೇ ಅವತ್ತು.

ಕಾಕೂಗೆ ಇದ್ದದ್ದು ಒಂದೇ ಹುಚ್ಚು, ಸ್ವಂತ ಮನೆ. ತಂಬಾಕಿನ ಘಾಟು ತಡೆಯಲಾಗದೆ ಮಾಲಕರು ಖೋಲಿ ಬಿಡಿಸಿದಾಗಲೆಲ್ಲ ಗಂಟುಮೂಟೆ ಕಟ್ಟಿ ಕಟ್ಟಿ ಬೇಸತ್ತಿದ್ದಳು. ಗುಡ್ಡ ಕಂಡರೆ ಸಾಕು, ಕಲ್ಲಿನ ಮೇಲೆ ಕಲ್ಲು ಪೇರಿಸಿ ಕೈಮುಗಿಯುವಳು. ಹಾಗೆ ಪೇರಿಸಿದವರಿಗೆ ಮನೆಯಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕೊಕಟನೂರ ಎಲ್ಲಮ್ಮನ ಹತ್ತಿರವೂ ಅವಳದು ಅದೇ ಕೆಲಸ. "ನೆನಪ ಮಾಡಬೇಕವಾ, ಆಕಿಗೂ ಕೇಳೂ ಮಂದಿ ಬಾಳ" ಎನ್ನುತ್ತಿದ್ದಳು.

ಒಂದು ಬೇಸಿಗೆಯ ಭಾನುವಾರ ಚಿಕ್ಕೋಡಿ ಮೇಲೆ ಬಸ್ಸು ಹಿಡಿದು ಮೂವರೂ ಗೋಕಾಕದ ಕಂದರ ನೋಡಲು ಹೋದೆವು. ಜಲಪಾತದ ನೀರು ಸೊರಗಿತ್ತು, ಅದಕ್ಕೇ ಬಂಡೆಗಳು ಬೆತ್ತಲೆ ಕಂಡವು. ಅಂಚಿನಲ್ಲಿ ಕಟಕಟೆ ಹಿಡಿದು ನಿಂತರೆ ಎದುರು ಗೋಡೆಯುದ್ದಕ್ಕೂ ಕೆಂಪು, ಬೂದು ಕಲ್ಲಿನ ಪದರ ಪದರ. ಒಂದು ಕಡೆ ಬರೀ ಕಂಬದಂಥ ಬಂಡೆ, ಅದರ ತಲೆ ಮೇಲೆ ಅಗಲದ ಹಾಸುಗಲ್ಲು, ಈಗ ಬಿದ್ದೀತೋ ಆಗ ಬಿದ್ದೀತೋ ಎನ್ನುವ ಹಾಗೆ. ಕಾಕೂ ಕಟಕಟೆಯಿಂದ ಬಗ್ಗಿ ಅದರತ್ತ ಬೆರಳು ತೋರಿಸಿದಳು.

"ಯಾರ ಪೇರಿಸ್ಯಾರ ಇಷ್ಟೊಂದ?"

"ಯಾರೂ ಇಲ್ಲ ಕಾಕೂ. ನೀರ ಕೊರದದ್ದು."

"ಸುಮ್ನಿರ. ನನ್ನಂಥಾಕೀನ ಯಾವಾಕೀನೋ ಇರಬೇಕ. ಇಷ್ಟ ಪೇರಿಸಿದ್ರೂ ಮನಿ ಆಗಿಲ್ಲ ನೋಡ, ಪಾಪ."

ನಕ್ಕೆ.

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಚಪ್ಪಟೆ ಚೂರು ಆರಿಸಿ ಪೇರಿಸತೊಡಗಿದಳು. ಹೊಸದಾಗಿ ಮದುವೆಯಾದ ಜೋಡಿಯೊಂದು ಫೋಟೋ ತೆಗೆಸಿಕೊಳ್ಳುತ್ತಿತ್ತು. ಹಿಂದೆ ಹಿಂದೆ ಸರಿದ ಗಂಡನ ಬೂಟು ತಾಗಿ ಎಲ್ಲ ಉರುಳಿತು. ನನಗೆ ಮೈ ಉರಿದುಹೋಯಿತು. ಕಾಕೂ ನನ್ನ ಸೀರೆ ಜಗ್ಗಿದಳು. "ಬೈಬ್ಯಾಡ ಬಿಡ. ಕಲ್ಲ ಎಲ್ಲೂ ಹೋಗಿಲ್ಲ." ಮತ್ತೆ ಪೇರಿಸಿದಳು.

"ಆಯೀ, ನಿನ್ನ ಮನ್ಯಾಗ ಎಷ್ಟ ಖೋಲಿ?" ಎಂದಳು ಕಾಕೂನನ್ನು ಅಜ್ಜಿಯೆಂದೇ ಕರೆಯುವ ನನ್ನ ಮಗಳು.

"ನಂದಲ್ಲ ಇದು, ನಿಮ್ಮವ್ವಂದು. ನೀ ಓದಾಕ ಒಂದ ಖೋಲಿ ಬ್ಯಾಡ?"

ಕೆಲ ವರ್ಷಗಳ ಮೇಲೆ, ನನಗೆ ಸಿಕ್ಕ ಆಸ್ಪತ್ರೆ ನೌಕರಿಯ ಸಾಲದಿಂದ ಊರಂಚಿನಲ್ಲಿ ಸಣ್ಣದೊಂದು ಮನೆಯಾಯಿತು. ಎಷ್ಟು ಕರೆದರೂ ಕಾಕೂ ಬರಲಿಲ್ಲ. "ಬೀಡಿ ಎಲಿ, ತಂಬಾಕ ಕೊಡೂ ಸೇಠ ಇಲ್ಲೇ ಅದಾನ, ಅಲ್ಲಿ ಬಂದ ಏನ ತಿನ್ಲಿ?" ಎಂದು ಬಾಯಿ ಮುಚ್ಚಿಸಿದಳು. ಕಳೆದ ಚಳಿಗಾಲದಲ್ಲಿ ಆ ಖೋಲಿಯಲ್ಲೇ, ಮಲಗಿದಲ್ಲೇ ಹೋದಳು. ಹೆಣ ಇಲ್ಲಿಟ್ಟರೆ ನಾಳೆ ಯಾರೂ ಬಾಡಿಗೆಗೆ ಬರುವುದಿಲ್ಲ, ಬೇಗ ಒಯ್ಯಿರಿ ಎಂದ ಮಾಲಕ.

ಟೆಂಪೋದಲ್ಲಿ ಕರೆತಂದು ನನ್ನ ಪಡಸಾಲೆಯಲ್ಲಿ ಮಲಗಿಸಿದೆ. ಮಗಳು ಆ ಹೆಬ್ಬೆರಳು ಹಿಡಿದು ಕೂತಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು.

"ನಿಮಗ ಏನಾಗಬೇಕ್ರಿ ಇವರು?" ಎಂದು ಯಾರೋ ಕೇಳಿದರು.

"ನಮ್ಮವ್ವನ ಅಕ್ಕರಿ," ಅಂದೆ. "ಇದು ಆಕೀದ ಮನಿ."