ಗದ್ದೆಯಲ್ಲಿ ನಿಂತಿದ್ದ ಸವಾರ

ಗದ್ದೆ ನಡುವೆ ಹೆಲ್ಮೆಟ್ಟು, ಜಾಕೆಟ್ಟು ಹಾಕಿಕೊಂಡು ನಿಂತಿದ್ದವನಿಗೆ ನಾನು ಕೈ ಎತ್ತಿದೆ. ದಾರಿಯಲ್ಲಿ ಬೈಕಿನವರು ಕಂಡರೆ ಕೈ ಎತ್ತುವುದು ನಮ್ಮ ರೂಢಿ. ಅವನು ಅಲುಗಲಿಲ್ಲ. ಗಾಡಿ ಕೆಟ್ಟಿರಬೇಕೆಂದು ನಾನೂ ಗೆಳೆಯ ನಾಗರಾಜನೂ ಬೈಕು ನಿಲ್ಲಿಸಿ, ಬದುವಿನ ಮೇಲೆ ನಡೆದು ಹತ್ತಿರ ಹೋದೆವು. ಹೆಲ್ಮೆಟ್ಟಿನ ಗಾಜಿನ ಹಿಂದೆ ಮುಖವಿರಲಿಲ್ಲ, ಒಣಹುಲ್ಲಿತ್ತು.

ಅದು ಬೆದರುಬೊಂಬೆ. ಮೈಸೂರಿನಿಂದ ಭರಚುಕ್ಕಿ ಜಲಪಾತಕ್ಕೆ ಹೊರಟಿದ್ದ ನಾವಿಬ್ಬರೂ ನಕ್ಕೆವು. ಅಲ್ಲೇ ಕಳೆ ಕೀಳುತ್ತಿದ್ದ ವಯಸ್ಸಾದ ಹೆಂಗಸು ನಗಲಿಲ್ಲ.

"ಈ ಬಟ್ಟೆ ಎಲ್ಲಿ ಸಿಕ್ತವ್ವಾ?" ಎಂದು ಕೇಳಿದೆ.

"ನಿಮ್ಮಂಗೇ ಗಾಡೀಲಿ ಬಂದಿದ್ದೋನ್ದು ಕಣಪ್ಪ. ಇದ್ನ ಬಿಚ್ಚಿಟ್ಟು ಫಾಲ್ಸ್ ನೀರಿಗಿಳ್ದ, ಹೆಣ ಆಗಿ ಮ್ಯಾಲಕ್ಕೆ ಬಂದ. ಸತ್ತೋನ ಬಟ್ಟೆ ಮನೆಗೆ ಬ್ಯಾಡ ಅಂತ ಅವ್ರ ಮನೆಯೋರು ಹೊಳೆ ದಡದಲ್ಲೇ ಬುಟ್ಟೋದ್ರು. ಇದು ನಿಂತ ಮ್ಯಾಲೆ ಗದ್ದೆಗೆ ಒಂದು ಹಕ್ಕೀನೂ ಇಳ್ದಿಲ್ಲ." ಆಮೇಲೆ ಅವರು ನಾಗರಾಜನ ಜಾಕೆಟ್ ತೋಳನ್ನು ಮುಟ್ಟಿ ನೋಡಿದರು. "ನಿನ್ ಕೋಟೂ ಗಟ್ಟಿಯಾಗದೆ."

"ನಂದು ಕೊಡಲ್ಲ ಬುಡವ್ವ," ಎಂದ ನಾಗರಾಜ. ನಗಲು ನೋಡಿದ, ಆಗಲಿಲ್ಲ.

ಭರಚುಕ್ಕಿ ಮುಟ್ಟುವಷ್ಟರಲ್ಲಿ ಅವನಿಗೆ ಅದು ಮರೆತೇ ಹೋಗಿತ್ತು. ಒಳ್ಳೆಯ ಈಜುಗಾರ ಬೇರೆ. ಸೆಕೆಗೆ ಜಾಕೆಟ್ ಬಿಚ್ಚಿ ಬಂಡೆಯ ಮೇಲಿಟ್ಟು, ನೀರಿಗಿಳಿಯಲು ಶೂ ಬಿಚ್ಚತೊಡಗಿದ. ನಾನು ಬೇಡ ಎನ್ನಬೇಕು ಎನ್ನುವಷ್ಟರಲ್ಲಿ ಗಾಳಿ ಬೀಸಿ, ಜಾಕೆಟ್ಟಿನ ಖಾಲಿ ತೋಳು ನಿಧಾನಕ್ಕೆ ಉಬ್ಬಿತು, ಒಳಗೆ ಯಾರೋ ಕೈ ತೂರಿಸಿದ ಹಾಗೆ.

ನಾಗರಾಜ ಅದನ್ನು ನೋಡಿದ. ಜಾಕೆಟ್ ಎತ್ತಿ ಹಾಕಿಕೊಂಡು ಕತ್ತಿನವರೆಗೆ ಜಿಪ್ ಎಳೆದ. ಸಂಜೆ ಮೈಸೂರಿಗೆ ಮರಳಿ ಸರಸ್ವತಿಪುರಂನಲ್ಲಿ ಕಾಫಿ ಕುಡಿಯುವಾಗ ಬೆವರು ಸುರಿಯುತ್ತಿದ್ದರೂ ಬಿಚ್ಚಲಿಲ್ಲ. ನಾನೂ ಬಿಚ್ಚು ಎನ್ನಲಿಲ್ಲ.