ಸೋಸದ ಗಂಜಿ

ಕಾಳಿ ಮತ್ತು ಗಂಗಾವಳಿ ನದಿಗಳ ನಡುವಿನ ಮಕ್ಕಳ ಗಂಟಲುಗಳನ್ನು ಮೂವತ್ತೊಂದು ವರ್ಷಗಳಿಂದ ಬಲ್ಲ ಡಾ. ವೈಜಯಂತಿಯವರು ಈ ತಿಂಗಳು ಕಾರವಾರದ ಟ್ರಸ್ಟ್ ಆಸ್ಪತ್ರೆಯಿಂದ ನಿವೃತ್ತರಾಗುತ್ತಿದ್ದಾರೆ. ಕಿವಿ, ಮೂಗು, ಗಂಟಲಿನ ತಜ್ಞರೆಂದು ಬಾಗಿಲ ಮೇಲಿನ ಹಲಗೆ ಹೇಳುತ್ತದೆ. ಆದರೆ ಆ ಮೂರರಲ್ಲಿ ಅವರು ಅತಿ ಹೆಚ್ಚು ದುಡಿಸಿಕೊಂಡದ್ದು ತಮ್ಮದೇ ಕಿವಿಯನ್ನು.

ಚಿತ್ತಾಕುಲದ ಮನೆಯಿಂದ ಸ್ಕೂಟರಿನಲ್ಲಿ ಸೇತುವೆ ದಾಟಿ ಬರುತ್ತಿದ್ದ ಆರಂಭದ ದಿನಗಳಲ್ಲೇ ತಮ್ಮ ಕೋಣೆಯ ಏಕೈಕ ಫ್ಯಾನನ್ನು ಬಾಣಂತಿಯರು ಕೂರುವ ಕಡೆಗೆ ಸಾಗಿಸಿದವರು ಅವರು. ಆಡಳಿತ ಮಂಡಳಿ ಇನ್ನೊಂದನ್ನು ಮಂಜೂರು ಮಾಡಲು ನಾಲ್ಕು ಬೇಸಿಗೆಗಳನ್ನು ತೆಗೆದುಕೊಂಡಿತು. ಅವರು ನೆನಪಿಸಲೂ ಇಲ್ಲ, ಬೆವರುವುದನ್ನು ಬಿಡಲೂ ಇಲ್ಲ.

ಅವರ ಹೆಸರು ಜಿಲ್ಲೆಯ ಹೊರಗೂ ಹೋದದ್ದು ಒಂದು ಅಪರೂಪದ ತೊಂದರೆಯಿಂದ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಧ್ವನಿಪೆಟ್ಟಿಗೆಯ ಹಿಂಬದಿಯಲ್ಲಿ ಸೀಳು ಉಳಿದಿರುತ್ತದೆ. ಕುಡಿದದ್ದು ಅನ್ನನಾಳ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ, ನ್ಯುಮೋನಿಯಾ ಮರುಕಳಿಸುತ್ತದೆ. ಸೀಳು ಆಳವಾಗಿದ್ದರೆ ಹೊಲಿಯದೆ ಗತಿಯಿಲ್ಲ. ಭಾವಿಕೇರಿಯ ಒಂದು ಕೂಸನ್ನು ಅವರು ನೋಡಿದ ದಿನವೇ ಮಂಗಳೂರಿಗೆ ಕಳಿಸಿದ್ದುಂಟು. ಸಣ್ಣ ಸೀಳಾದರೆ ಕುಡಿಯುವುದನ್ನೆಲ್ಲ ಮಂದ ಮಾಡಿ ಕೊಟ್ಟು, ಮಗು ಬೆಳೆಯುವುದನ್ನು ಕಾಯಬಹುದು. ಎಲ್ಲಿಯವರೆಗೆ ಕಾಯಬೇಕೆಂಬುದನ್ನು ಯಾವ ಯಂತ್ರವೂ ಹೇಳುವುದಿಲ್ಲ.

ಎಂಟು ವರ್ಷಗಳ ಹಿಂದೆ ಹಾರವಾಡದ ವಿನುತಾ ಒಂದೂವರೆ ವರ್ಷದ ಕೂಸು. ಸೀಳು ಸಣ್ಣದಿತ್ತು. 'ಗಂಟಲಲ್ಲಿ ಸೀಳಿದೆ, ಗಂಜಿ ಕೊಡಿ' ಎಂದು ವೈಜಯಂತಿಯವರು ಅಜ್ಜಿ ಬೇಬಿಗೆ ಹೇಳಿ ಕಳಿಸಿದರು. ಎರಡು ತಿಂಗಳಲ್ಲಿ ಮತ್ತೆರಡು ನ್ಯುಮೋನಿಯಾ. ಇನ್ನೊಂದನ್ನು ಆ ಪುಟ್ಟ ಎದೆ ತಾಳುವಂತಿರಲಿಲ್ಲ. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಬಲೆ ಹೊಲಿಯುವುದರಲ್ಲಿ ಊರಿಗೇ ಹೆಸರಾದ ಅಜ್ಜ ಕುಪ್ಪನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಹರಿದದ್ದು ಹೊಲೀದೆ ಕೂಡ್ತದಾ? ಎರಡು ತಿಂಗಳು ಸುಮ್ನೆ ಹೋಯ್ತು ನೋಡಿ ಡಾಕ್ಟರ್ ಬಾಯಿ."

ಮಂಗಳೂರಿಗೆ ಪತ್ರ ಬರೆಯುತ್ತಿದ್ದ ವೈಜಯಂತಿಯವರು ಆಗ ಪೆನ್ನು ಕೆಳಗಿಟ್ಟರು. ಎದುರಿಗೇ ವಿನುತಾ ಕಿವುಚಿದ ಬಾಳೆಹಣ್ಣನ್ನು ಮೆಲ್ಲುತ್ತಿದ್ದಳು. ಒಂದು ಕೆಮ್ಮೂ ಇರಲಿಲ್ಲ. ಮಂದವಾದದ್ದು ಸರಿಯಾಗಿ ಇಳಿಯುತ್ತದೆಯಾದರೆ ಗಂಜಿ ಯಾಕೆ ದಾರಿ ತಪ್ಪಬೇಕು?

"ಬೇಬಕ್ಕ, ಗಂಜಿ ಹೇಗೆ ಕೊಡ್ತೀರಿ? ಮಾಡಿ ತೋರಿಸಿ."

ಆಸ್ಪತ್ರೆಯ ಅಡುಗೆಮನೆಯಲ್ಲಿ ಬೇಬಿ ಗಂಜಿ ಬೇಯಿಸಿದಳು. ಆಮೇಲೆ ಚೀಲದಿಂದ ಶುಭ್ರವಾದ ಬಟ್ಟೆಯೊಂದನ್ನು ತೆಗೆದು, ಬಹು ಜಾಗ್ರತೆಯಿಂದ ಸೋಸಿ, ನೀರಿನಂಥ ತಿಳಿಯನ್ನು ಲೋಟಕ್ಕೆ ಇಳಿಸಿದಳು.

"ಒಂದು ಅಗಳೂ ಬೀಳೂಕೆ ಬಿಡ್ಲಿಲ್ಲ ಬಾಯಿ. ಸೀಳಿದ ಗಂಟಲಿಗೆ ಅಗಳು ಚುಚ್ಚೂದಿಲ್ವಾ?"

ನರ್ಸ್ ರಂಜನಾ ನಕ್ಕುಬಿಟ್ಟರು. ವೈದ್ಯರು ನಗಲಿಲ್ಲ. ಸೀಳು ಎಂದರೆ ಗಾಯ ಎಂದೇ ಯಾರಾದರೂ ತಿಳಿಯುವರು. ಆ ಮಾತನ್ನು ಆಡಿದವರು ತಾವೇ. ಅವರು ಕುಪ್ಪನ ಕಡೆ ತಿರುಗಿದರು.

"ಇದು ಹರಿದದ್ದಲ್ಲ ಕುಪ್ಪಣ್ಣ. ಬಲೆ ಹೆಣೆಯುವಾಗಲೇ ಒಂದು ಕಣ್ಣು ದೊಡ್ಡದಾಗಿ ಉಳಿದ ಹಾಗೆ."

ಕುಪ್ಪ ಲೋಟವನ್ನೂ ಪಾತ್ರೆಯನ್ನೂ ನೋಡಿದ. "ಹಂಗಾರೆ ಸಣ್ಣ ತಾರ್ಲೆ ಮೀನು ನುಸುಳೂ ಕಣ್ಣಲ್ಲಿ ದೊಡ್ಡ ಬಂಗಡೆ ನುಸುಳೂದಿಲ್ಲ," ಎಂದ. "ಇವ್ಳು ಎರಡು ತಿಂಗಳು ಮಗೂಗೆ ತಾರ್ಲೆ ಕುಡ್ಸಿದ್ಲು."

"ನಿಮ್ಗೆ ಮೊದ್ಲೇ ಗೊತ್ತಿತ್ತೇನೋ," ಎಂದಳು ಬೇಬಿ ಗಂಡನಿಗೆ.

ಅಂದು ಹೊಸದಾಗಿ ಬರೆದ ಪತ್ರವನ್ನು ಅಂಚೆಗೆ ಹಾಕಬೇಕಿದ್ದ ರಂಜನಾ ಎರಡು ಸಲ ಓದಿಕೊಂಡರಂತೆ: "ಉಪಚಾರ ಸೋತಿಲ್ಲ, ಇನ್ನೂ ಶುರುವೇ ಆಗಿಲ್ಲ. ತಪ್ಪು ನನ್ನ ಮಾತಿನದು. ಆರು ವಾರ ಕೊಡಿ. ಇನ್ನೊಮ್ಮೆ ಎದೆ ಕಟ್ಟುವ ಸೂಚನೆ ಕಂಡರೂ ನಾನೇ ಕರೆತರುತ್ತೇನೆ." ಕತ್ತರಿ ಹಿಡಿಯಬಲ್ಲವರು ಹಲವರಿದ್ದಾರೆ, ಕಾಯಬಲ್ಲವರೂ ಇದ್ದಾರೆ, ತಮ್ಮ ತಪ್ಪನ್ನು ಆಸ್ಪತ್ರೆಯ ಮುದ್ರೆಯೊತ್ತಿ ಕಳಿಸಿದವರನ್ನು ರಂಜನಾ ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಆ ಆರು ವಾರ ವೈದ್ಯರು ದಿನ ಬಿಟ್ಟು ದಿನ ಹಾರವಾಡಕ್ಕೆ ಹೋಗಿ ಮಗುವಿನ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟರು. ಎದೆ ತಿಳಿಯಾಗಿತ್ತು, ಗಂಜಿ ಮಂದವಾಗಿತ್ತು. ಮುಂದಿನ ಎರಡು ವರ್ಷ ಗಂಜಿಯನ್ನು ಹನಿ ಹನಿಯಾಗಿ ತೆಳುವಾಗಿಸುತ್ತ ನೀರಿನವರೆಗೆ ಬಂದರು. ಹೊಲಿಗೆ ಬೇಕಾಗಲೇ ಇಲ್ಲ.

ಕಳೆದ ವಾರ ಒಂಬತ್ತರ ವಿನುತಾ ಅಜ್ಜಿಯೊಡನೆ ಬಂದು, ಬಿಸಿಲಿಗೆ ದಣಿದಿದ್ದರಿಂದ, ವೈದ್ಯರ ಮೇಜಿನ ಮೇಲಿದ್ದ ಲೋಟದ ನೀರನ್ನು ಕೇಳದೆಯೇ ಎತ್ತಿ ಗಟಗಟ ಕುಡಿದಳು. ವೈದ್ಯರು ಮಾತು ನಿಲ್ಲಿಸಿ ಕಿವಿಗೊಟ್ಟರು. ಕೆಮ್ಮು ಬರಲಿಲ್ಲ.

ಇನ್ನು ಮುಂದೆ ಪ್ರತಿ ಮಂಗಳವಾರ ರೋಗಿಗಳನ್ನು ನೋಡಲು ಅಂಕೋಲೆಯಲ್ಲಿ ಕೂರುವುದಾಗಿ ವೈಜಯಂತಿಯವರು ಹೇಳಿದ್ದಾರೆ. ಅವರು ನೂರು ವರ್ಷ ಬಾಳಲಿ. 'ಮಾಡಿ ತೋರಿಸಿ' ಎಂದು ಕೇಳುವ ಆ ಕಿವಿ ಕಡೆಯವರೆಗೂ ಚುರುಕಾಗಿರಲಿ. ಕಳೆದ ವಾರ ಬಂದಾಗ ಬೇಬಿ ಅವರಿಗೆಂದು ಒಂದು ಡಬ್ಬಿ ಗಂಜಿ ತಂದಿದ್ದಳು.

"ಸೋಸ್ಲಿಲ್ಲ ಬಾಯಿ," ಎಂದು ಮೇಜಿನ ಮೇಲಿಟ್ಟಳು.