ವಾಲಿದ ಅಕ್ಷರದ ಬೋರ್ಡು

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯಲ್ಲಿರುವ ಆ ರೊಟ್ಟಿ ಅಂಗಡಿಯವಳು ಜಗಳೂರು ಕಡೆಯವಳು. ಅಂಗಡಿ ಇಡುವ ಮೊದಲು ಹನ್ನೆರಡು ವರ್ಷ ನಮ್ಮ ಮನೆಯಲ್ಲಿ ಅಡುಗೆ ಮಾಡಿದಳು. ಶಾಲೆ ಕಂಡವಳಲ್ಲ. ರಿಟೈರ್ ಆದರೂ ನನ್ನ ಟೀಚರ್ ಬುದ್ಧಿ ಸುಮ್ಮನಿರಬೇಕಲ್ಲ. ಮಧ್ಯಾಹ್ನ ಡೈನಿಂಗ್ ಟೇಬಲ್ಲಿನ ಮೇಲೆ ಒಂದನೇ ಕ್ಲಾಸಿನ ಪುಸ್ತಕ ಇಟ್ಟು ಓದಲು ಕಲಿಸಿದೆ. ಅಕ್ಷರದ ಮೇಲೆ ಬೆರಳಿಟ್ಟು, ತುಟಿಯಲ್ಲೇ ಕೂಡಿಸಿಕೊಂಡು ಓದುವಳು. ಅಂಗಡಿಯ ಮಾತು ಬಂದಾಗ ಅವಳಿಗೆ ಇದ್ದದ್ದು ಒಂದೇ ಆಸೆ: ಬೋರ್ಡಿನಲ್ಲಿ ತನ್ನ ಹೆಸರಿರಬೇಕು, ಅದನ್ನು ತಾನೇ ಓದಬೇಕು.

ಬೋರ್ಡು ಮಾಡಿಸಲು ಚನ್ನಗಿರಿಗೆ ಹೋದೆವು. ಫ್ಲೆಕ್ಸ್ ಅಂಗಡಿಯಾತ ಅವಳ ಹೆಸರನ್ನು ಕಂಪ್ಯೂಟರಿನಲ್ಲಿ ಹತ್ತಾರು ಫಾಂಟಿನಲ್ಲಿ ತೋರಿಸಿದ. ಅವಳು ಮೆಲ್ಲಗೆ ಒಂದಕ್ಕೆ ಬೆರಳು ತೋರಿದಳು. ನೆಟ್ಟಗೆ ನಿಂತ ದುಂಡನೆಯ, ಸಾದಾ ಅಕ್ಷರ.

"ಇದು ಸ್ಕೂಲ್ ಟೆಕ್ಸ್ಟ್‌ಬುಕ್ ಇದ್ದ ಹಾಗಿದೆ" ಎಂದುಬಿಟ್ಟೆ ನಾನು.

ನಾನು ಆರಿಸಿದ್ದು ಬೋಲ್ಡ್ ಇಟ್ಯಾಲಿಕ್. ಕುಸುರಿ ಇಲ್ಲದ, ದಪ್ಪನೆಯ, ಬಲಕ್ಕೆ ವಾಲಿದ ಅಕ್ಷರ. ನಾನು ಓದಿದ ಕಾನ್ವೆಂಟಿನಲ್ಲಿ ಇಂಗ್ಲಿಷ್ ಅಕ್ಷರ ವಾಲದಿದ್ದರೆ ಸಿಸ್ಟರ್ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಆಗಿನಿಂದ ವಾಲಿದ ಅಕ್ಷರವೆಂದರೆ ನನಗೆ ಡಿಗ್ನಿಟಿ. ಎಲೆಕ್ಷನ್ನಿಗೆ ಎಲ್ಲರೂ ಇದನ್ನೇ ಹಾಕಿಸುತ್ತಾರೆ, ಓಡುವ ಬಸ್ಸಿನಿಂದಲೂ ಕಾಣುತ್ತದೆ ಎಂದು ಫ್ಲೆಕ್ಸ್ ಅಂಗಡಿಯಾತನೂ ತಾಳ ಹಾಕಿದ.

"ನಿಮಗೆ ಗೊತ್ತಿರ್ತೈತೆ ಬಿಡ್ರಿ ಅಕ್ಕೋರೆ" ಎಂದು ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡಳು.

ಬೋರ್ಡು ಜೋರಾಗಿಯೇ ಬಂತು. ಹಳದಿಯ ಮೇಲೆ ಕೆಂಪು. ದಪ್ಪಕ್ಕೆ ಅಕ್ಷರಗಳ ಒಳಗಿನ ಸುಳಿ ಮುಚ್ಚಿಹೋಗಿತ್ತು, ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಆತುಕೊಂಡಿತ್ತು. ಆಗ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಚೆನ್ನಾಗೈತೆ ಎಂದಳು ಅವಳು, ನಂಬಿದೆ.

ತಿಂಗಳ ಮೇಲೆ ಅವಳ ತಂಗಿ ಊರಿಂದ ಬಂದಳು. ನಾನೂ ಅಲ್ಲೇ ಇದ್ದೆ. ಓದು ಬಾರದ ತಂಗಿ ಬೋರ್ಡನ್ನೇ ನೋಡುತ್ತ, "ಇದರಾಗೆ ನಿನ್ನ ಹೆಸರು ಯಾವ್ದು ಅಕ್ಕಾ?" ಎಂದಳು.

ಇವಳ ತುಟಿ ಅಲುಗಿತು, ನಿಂತಿತು. ಮತ್ತೆ ಅಲುಗಿತು. ಕೊನೆಗೆ ಕೈ ಎತ್ತಿ ತೋರಿಸಿದ್ದು ಕೆಳಗಿನ ಸಾಲನ್ನು. ಅಲ್ಲಿದ್ದದ್ದು 'ಬಿಸಿ ಜೋಳದ ರೊಟ್ಟಿ'. ತೋರಿಸಿ ನನ್ನ ಮುಖ ನೋಡಿದಳು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ನಾನು, ಹೌದೆಂದು ತಲೆಯಾಡಿಸಿದೆ.

ತಂಗಿ ಬಸ್ ಹತ್ತಿದ ಮೇಲೆ ಅವಳೇ ಕೇಳಿದಳು. "ನಾನು ತೋರ್ಸಿದ್ದು ಸರಿ ಇತ್ತೇನ್ರಿ?"

ಅಲ್ಲ, ಮೇಲಿನ ಸಾಲು ಎಂದೆ.

"ಮತ್ತೆ ಅವಳ ಮುಂದೆ ಹೂಂ ಅಂದ್ರಲ್ಲ."

ನಿನ್ನ ಮಾನ ಉಳಿಸಲು ಎನ್ನಬಹುದಿತ್ತು. ಉಳಿಸಿಕೊಂಡದ್ದು ನನ್ನದು. ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು.

"ಕಲ್ತಿದ್ದೆಲ್ಲಾ ಮರ್ತೆನೇನೋ ಅಂತ ದಿನಾ ಬೆಳಿಗ್ಗೆ ಹೆದರಿಕಿ ಆಗ್ತಿತ್ತು. ನಿಮಗೆ ಹೆಂಗೆ ಹೇಳ್ಲಿ, ಅಷ್ಟು ಕಷ್ಟಪಟ್ಟು ಕಲಿಸೀರಿ."

ಮರೆತಿಲ್ಲ ಕಣೇ, ತಪ್ಪು ನನ್ನದು, ನಾನು ಆರಿಸಿದ ಅಕ್ಷರದ್ದು ಎಂದೆ. ನಾಳೆಯೇ ಚನ್ನಗಿರಿಗೆ ಹೋಗಿ ಬೇರೆ ಬರೆಸೋಣ, ನಾನು ಬರುತ್ತೇನೆ ಎಂದೆ.

"ಬರೆಸೋಣ್ರಿ" ಎಂದಳು, ರೊಟ್ಟಿ ತಿರುವುತ್ತ. "ಆದ್ರೆ ನೀವು ಬರಬ್ಯಾಡ್ರಿ. ಯಾವ ಅಕ್ಷರ ಅಂತ ನಾನೇ ತೋರಿಸ್ತೀನಿ."